ಎಂಟಕ್ಕೆ ನಿಂತ ಮುಳ್ಳು

ಆ ಯಂತ್ರ ನಂಜನಗೂಡಿನ ನಮ್ಮ ಆಸ್ಪತ್ರೆಗೆ ಬಂದ ದಿನ ಅದಕ್ಕೆ ಕುಂಕುಮ ಇಟ್ಟು ಊದುಬತ್ತಿ ಬೆಳಗಿದವಳು ನಾನೇ. ಇವತ್ತು ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ಯಂತ್ರ ಅಂದರೆ ದೊಡ್ಡದೇನಲ್ಲ. ಕೈಯಲ್ಲಿ ಹಿಡಿದು ಹಿಂಡುವಂಥ ಎರಡು ಕಬ್ಬಿಣದ ಹಿಡಿ, ಮೇಲೊಂದು ಗಡಿಯಾರದಂಥ ಮುಖ. ಹಿಂಡಿದಷ್ಟೂ ಮುಳ್ಳು ಏರುತ್ತದೆ, ಕೈಯಲ್ಲಿ ಎಷ್ಟು ಕೆಜಿ ಕಸುವಿದೆ ಅಂತ ತೋರಿಸಿ ಅಲ್ಲೇ ನಿಲ್ಲುತ್ತದೆ. ನಾವು ಪಕ್ಕದ ತಿರುಪು ತಿರುಗಿಸಿ ಸೊನ್ನೆಗೆ ತರುವವರೆಗೂ ಅಲ್ಲಿಂದ ಕದಲುವುದಿಲ್ಲ. ಯಂತ್ರದ ಜೊತೆಗೆ ಎರಡು ಪುಟದ ಒಂದು ಫಾರಂ ಬಂತು. ಎರಡನ್ನೂ ತಂದವರು ಪ್ರತಿ ಶನಿವಾರ ಮೈಸೂರಿನಿಂದ ಬಂದು ಹೋಗುತ್ತಿದ್ದ ದೊಡ್ಡ ಡಾಕ್ಟರು. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷ ಆಗಿತ್ತು.

ನಾನು ಫಿಸಿಯೋಥೆರಪಿ ಮಾಡುವವಳು. ತೊಂಬತ್ತರ ದಶಕದ ನಡುವಿನಿಂದ ದಿನಾ ಬೆಳಿಗ್ಗೆ ಟಿ. ನರಸೀಪುರದಲ್ಲಿ ಬಸ್ಸು ಹತ್ತಿ ನಂಜನಗೂಡಿಗೆ ಬಂದು, ಸಂಜೆ ಅದೇ ರಸ್ತೆಯಲ್ಲಿ ವಾಪಸು ಹೋಗುತ್ತಿದ್ದೆ. ಆಸ್ಪತ್ರೆಯ ಹಿಂಭಾಗದಲ್ಲಿ ಆರು ಮಂಚದ ಒಂದು ವಾರ್ಡಿತ್ತು. ಸೊಂಟದ ಮೂಳೆ ಮುರಿದು ಮೈಸೂರಲ್ಲಿ ಆಪರೇಷನ್ ಮಾಡಿಸಿಕೊಂಡವರು, ಲಕ್ವ ಹೊಡೆದವರು, ಇಂಥ ವಯಸ್ಸಾದವರು ಮತ್ತೆ ನಡೆಯುವುದನ್ನು ಕಲಿಯಲು ಅಲ್ಲಿಗೆ ಬರುತ್ತಿದ್ದರು. ನಾಲ್ಕು ವಾರ ಇಟ್ಟುಕೊಂಡು ಏಳುವುದು, ಕೂರುವುದು, ಮೆಟ್ಟಿಲು ಹತ್ತುವುದು ಎಲ್ಲವನ್ನೂ ಕಲಿಸುತ್ತಿದ್ದೆವು. ಮಂಚ ಆರು, ಕಾಯುವವರು ಯಾವಾಗಲೂ ಹದಿನೈದು ಇಪ್ಪತ್ತು ಜನ. ಯಾರಿಗೆ ಮಂಚ ಅನ್ನುವುದು ಅಲ್ಲಿಯವರೆಗೆ ಶಿಫಾರಸಿನ ಮೇಲೆ ತೀರ್ಮಾನ ಆಗುತ್ತಿತ್ತು. ಯಾರದೋ ಭಾವಮೈದ ಫೋನು ಮಾಡಿದ ಅಂತ ನಡೆಯಬಲ್ಲವರು ಬಂದು ಮಲಗುತ್ತಿದ್ದರು, ನಡೆಸಬೇಕಾದವರು ಮನೆಗೆ ಹೋಗುತ್ತಿದ್ದರು. ನೋಡಿ ನೋಡಿ ನನಗೆ ಸಾಕುಸಾಕಾಗಿತ್ತು.

ಡಾಕ್ಟರ ಲೆಕ್ಕ ಸರಳವಾಗಿತ್ತು. ಬೀಳುವ ಮೊದಲೇ ಯಾರ ಮೈ ಎಷ್ಟು ಸೋತಿತ್ತು ಅಂತ ಅಳೆಯಿರಿ. ಸ್ವಲ್ಪ ಸೋತವರನ್ನು ಎಬ್ಬಿಸಿ ನಿಲ್ಲಿಸಬಹುದು, ಅವರನ್ನು ಇಟ್ಟುಕೊಳ್ಳೋಣ. ಪೂರ್ತಿ ಸೋತು ಹೋದವರಿಗೆ ನಾಲ್ಕು ವಾರದಲ್ಲಿ ಏನೂ ಆಗುವುದಿಲ್ಲ, ಮನೆಗೆ ಕಳಿಸೋಣ. ಅಬ್ಬ, ಇನ್ನು ಭಾವಮೈದುನರ ಕಾಟ ತಪ್ಪಿತು ಅಂದುಕೊಂಡೆ. "ನಾನು ಕಣ್ಣಲ್ಲಿ ಕಾಣದ್ದನ್ನು ಬರೆಯೋಳಲ್ಲ ಸಾರ್" ಅಂತ ಎದೆಯುಬ್ಬಿಸಿಕೊಂಡು ಬೇರೆ ಹೇಳಿದೆ. ನನ್ನ ಬಾಯಿಗಿಷ್ಟು ಬೆಂಕಿ ಹಾಕ.

ಮೊದಲನೇ ವಾರವೇ ನಮ್ಮ ಹಿರಿಯರು ನನ್ನ ತಲೆ ತಿಂದುಬಿಟ್ಟರು. ಕಳಲೆ ಕಡೆಯ ಯಜಮಾನರೊಬ್ಬರು, ಬಾಗಿಲೆತ್ತರದ ಮನುಷ್ಯ, ಯಂತ್ರವನ್ನು ಕೋಳಿಮರಿ ಹಿಡಿದ ಹಾಗೆ ಹಿಡಿದುಕೊಂಡು ಕೂತರು. ಜೋರಾಗಿ ಹಿಂಡಿ ಅಂದೆ.

"ಬ್ಯಾಡ ಕಣವ್ವ. ಆಸ್ಪತ್ರೆ ಸಾಮಾನು. ಮುರ್ದುಗಿರ್ದೋದ್ರೆ ನಾನೆಲ್ಲಿ ತಂದ್ಕೊಡನಿ?"

"ಇದು ಮುರಿಯಲ್ಲ ಯಜಮಾನ್ರೇ. ಕಬ್ಬಿಣ."

"ಮುರಿಯಕಿಲ್ಲ ಅಂತ ಏಳಿದ್ದೇ ಮೊದ್ಲು ಮುರಿಯದು."

ನಮ್ಮ ಆಯಾ ತಾನು ಹಿಂಡಿ ತೋರಿಸಿದ ಮೇಲೆ, 'ಒಬ್ಬ ಹೆಂಗಸಿಗಿಂತ ಕಮ್ಮಿಯಾ' ಅಂತ ಆತ ಹಿಂಡಿದ್ದು. ಬನ್ನೂರಿನ ಒಬ್ಬಾಕೆಯನ್ನು ಹೋದ ವರ್ಷ ತೂಕ ಎಷ್ಟಿತ್ತು ಅಂತ ಕೇಳಿದರೆ, "ತೂಕ ಆಕಕ್ಕೆ ನಾನೇನು ಬೆಲ್ಲದಚ್ಚಾ?" ಅಂತ ನನ್ನನ್ನೇ ಗದರಿದಳು. 'ಏನೇ ಮಾಡಿದರೂ ಸುಸ್ತು ಅನಿಸುತ್ತದೆಯೇ' ಅನ್ನುವ ಪ್ರಶ್ನೆಗೆ, "ಯಾರ್ಗಿಲ್ಲ ಸುಸ್ತು, ನಿಂಗಿಲ್ವಾ?" ಅಂದಳು. ನನಗಿತ್ತು. ನಾಲ್ಕೂವರೆಗೆ ಎದ್ದು ಬಂದವಳು ನಾನು. ನಡಿಗೆಯ ವೇಗ ನೋಡಲು ಕಾರಿಡಾರಿನಲ್ಲಿ ನಾಲ್ಕು ಮೀಟರು ದೂರಕ್ಕೆ ಎರಡು ಕೆಂಪು ಗೆರೆ ಎಳೆಸಿದ್ದೆ. ಗಡಿಯಾರ ಒತ್ತಿ ನಡೆಯಿರಿ ಅಂದರೆ ನಡುವೆ ನಿಂತು ಬೆಂಚಿನ ಮೇಲೆ ಕೂತವರನ್ನು "ಊಟಾಯ್ತಾ?" ಅಂತ ಕೇಳುವರು. ಎದುರಿಗೆ ಜನ ಕೂತಿದ್ದಾಗ ಮಾತಾಡಿಸದೆ ದಾಟಿ ಹೋಗುವುದಕ್ಕೆ ಅವರೇನು ದನವೇ? ಹೀಗೆ ಗೊಣಗಾಡಿಕೊಂಡೇ ನಾನು ಫಾರಂ ತುಂಬುತ್ತಿದ್ದೆ.

ಅಂಥ ಹೊತ್ತಿನಲ್ಲಿ ಬಂದಿದ್ದು ಆ ಅಜ್ಜಿ. ಊರು ನರಸೀಪುರದ ರಸ್ತೆಯಲ್ಲೇ, ನನ್ನ ಬಸ್ಸು ದಿನಾ ನಿಲ್ಲುತ್ತಿದ್ದ ಊರು. ಕೊಟ್ಟಿಗೆಯಲ್ಲಿ ಗಂಜಲದ ಮೇಲೆ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಮೈಸೂರಿನಲ್ಲಿ ರಾಡು ಹಾಕಿ ಕಳಿಸಿದ್ದರು. ಸಣ್ಣ ಆಳು, ಒಣಗಿದ ಮೈ, ಬಾಯಿ ತುಂಬ ಎಲೆಯಡಿಕೆ. ಮಗ ಕಬ್ಬಿನ ಲಾರಿ ಓಡಿಸುತ್ತಿದ್ದ, ಆಸ್ಪತ್ರೆಗೆ ಬರುವುದು ಅಪರೂಪ. ಜೊತೆಗಿದ್ದವಳು ಸೊಸೆ. ಅವಳು ನಂಜನಗೂಡಿನ ಒಂದು ಕಾರ್ಖಾನೆಗೆ ಶಿಫ್ಟಿನ ಮೇಲೆ ಹೋಗುವವಳು, ಅತ್ತೆಗಾಗಿ ರಜ ಹಾಕಿ ಕೂತಿದ್ದಳು.

ಮೊದಲನೇ ದಿನವೇ ಅಜ್ಜಿ ನನ್ನ ಕೈ ಹಿಡಿದು ಕೇಳಿದ್ದು ಒಂದೇ ಮಾತು. "ನಾನು ಮತ್ತೆ ಮಣೆ ಮ್ಯಾಲೆ ಕೂತ್ಕಬೋದೇನವ್ವ?"

"ಎಷ್ಟೆತ್ತರದ ಮಣೆ ಅಜ್ಜಿ?"

ನೆಲದಿಂದ ಒಂದು ಗೇಣು ತೋರಿಸಿದಳು. ಅಷ್ಟು ಗಿಡ್ಡ ಆಗಲ್ಲ, ಮೊಣಕಾಲೆತ್ತರದ ಸ್ಟೂಲಿನ ಮೇಲೆ ಕೂತು ಏಳುವುದನ್ನು ನಾಲ್ಕು ವಾರದಲ್ಲಿ ಕಲಿಸಿಕೊಡುತ್ತೇನೆ ಅಂದೆ. "ಅಷ್ಟಾದ್ರೆ ಸಾಕು, ಅದ್ರಲ್ಲೇ ಸುದಾರಿಸ್ಕತೀನಿ" ಅಂದಳು. ಆ ಮುಖದಲ್ಲಿ ಎಷ್ಟು ಗೆಲುವು ಬಂತು ಅಂದರೆ, ಮಣೆ ಯಾತಕ್ಕೆ ಅಂತ ನಾನು ಕೇಳಬೇಕಿತ್ತು. ಬಚ್ಚಲಿಗೋ ಒಲೆ ಮುಂದಕ್ಕೋ ಇರಬೇಕು ಅಂತ ನನ್ನಷ್ಟಕ್ಕೆ ನಾನೇ ತೀರ್ಮಾನಿಸಿಕೊಂಡೆ.

ಫಾರಂ ತುಂಬಿದ್ದು ಗುರುವಾರ, ರೋಗಿಗಳನ್ನು ನೋಡಲು ನೆಂಟರನ್ನು ಬಿಡುವ ಹೊತ್ತಿನಲ್ಲಿ. ವಯಸ್ಸಾದವರು ಮರೆಯುತ್ತಾರೆ, ಮನೆಯವರು ಎದುರಿಗಿದ್ದಾಗಲೇ ಪ್ರಶ್ನೆ ಕೇಳಬೇಕು ಅಂತ ಡಾಕ್ಟರ ನಿಯಮ. ಮಂಚದ ಸುತ್ತ ಸೊಸೆ, ಸೊಸೆಯ ತಾಯಿ, ಬ್ರೆಡ್ಡು ಮೂಸಂಬಿ ಹಿಡಿದುಕೊಂಡು ಬಂದಿದ್ದ ಇಬ್ಬರು ಹೆಂಗಸರು, ಒಬ್ಬ ಗಂಡಸು. ಯಾರು ಅಂದೆ, ನೆಂಟರು ಅಂದರು. ಅಲ್ಲಿಗೆ ಬಿಟ್ಟೆ.

"ಬೀಳೋಕೆ ಮುಂಚೆ ಮನೇಲಿ ಅಡಿಗೆ ಯಾರು ಮಾಡ್ತಿದ್ರು ಅಜ್ಜಿ?"

"ಇನ್ಯಾರು? ನಮ್ ಸೊಸೆ."

"ನೀರು ಹೊರೋದು?"

"ಅವಳೇಯ. ಒಂದ್ ಬಿಂದ್ಗೆ ಮುಟ್ಟಕ್ಕೆ ಬುಡಕಿಲ್ಲ ನನ್ನ."

"ಸ್ನಾನ ನೀವೇ ಮಾಡ್ಕೊತಿದ್ರಾ?"

"ನೀರ್ ಉಯ್ದು ಬೆನ್ ಉಜ್ಜೋಳೂ ಅವಳೇಯ. ಕೂತಲ್ಗೇ ಊಟ ತಂದ್ಕೊಡ್ತಳೆ. ಮಾರಾಜ್ರ ತಾಯಿ ಮಡಗ್ದಂಗೆ ಮಡಗವಳೆ ನನ್ನ."

ಬಂದಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಲೆದೂಗಿದರು. ಸೊಸೆ ನೆಲ ನೋಡುತ್ತ ನಿಂತಿದ್ದಳು. ಹೊಗಳಿಕೆಗೆ ನಾಚಿಕೊಂಡಿದ್ದಾಳೆ ಅಂದುಕೊಂಡೆ. ಪ್ರತಿ ಪ್ರಶ್ನೆಗೂ 'ಪೂರ್ತಿ ಬೇರೆಯವರ ಮೇಲೆ ಅವಲಂಬನೆ' ಅನ್ನುವ ಚೌಕದಲ್ಲಿ ಗುರುತು ಹಾಕುತ್ತ ಹೋದೆ. ಹಾಗಾದರೆ ಕೊಟ್ಟಿಗೆಗೆ ಯಾಕೆ ಹೋಗಿದ್ದಿರಿ ಅಂತ ಬಾಯಿಗೆ ಬಂತು. "ಕರ ನೋಡಕ್ಕೆ" ಅಂದಳು. ಕರು ನೋಡಲು ಅಂತ ಬರೆದುಕೊಂಡೆ.

ಆಮೇಲೆ ಯಂತ್ರ ಕೊಟ್ಟೆ. ಹಿಂಡಿದಳು. ಎಂಟು. ಇನ್ನೊಂದು ಸಲ ಅಂದೆ. ಏಳು. ಮೂರನೇ ಸಲವೂ ಮುಳ್ಳು ಎಂಟಕ್ಕೇ ನಿಂತಿತು. ಯಂತ್ರ ವಾಪಸು ತೆಗೆದುಕೊಳ್ಳುವಾಗ ಅವಳ ಹೆಬ್ಬೆರಳು ನನ್ನ ಕೈಗೆ ತಾಗಿತು. ಗೆಣ್ಣಿನ ಮೇಲೆ ಕಲ್ಲಿನಂಥ ಜಡ್ಡು. ಹೆಬ್ಬೆರಳು ಮಡಚಿ ಹಾಲು ಕರೆಯುವವರಿಗೆ ಮಾತ್ರ ಅಲ್ಲಿ ಅಂಥ ಜಡ್ಡು ಬೀಳುತ್ತದೆ. ನನಗದು ಗೊತ್ತಿಲ್ಲದ್ದಲ್ಲ, ನಮ್ಮಮ್ಮನ ಕೈಯಲ್ಲೂ ಇತ್ತು. ಒತ್ತಿ ಕೂಡ ನೋಡಿದೆ. ಹಳೇ ಕಾಲದ್ದಿರಬೇಕು ಅಂದುಕೊಂಡು ಎಂಟು ಅಂತ ಬರೆದೆ. ಕಣ್ಣಲ್ಲಿ ಕಂಡದ್ದನ್ನು ಬರೆಯುವವಳಂತೆ ನಾನು! ಕಂಡದ್ದು ಜಡ್ಡು, ಬರೆದದ್ದು ಮುಳ್ಳು.

ಶನಿವಾರ ಡಾಕ್ಟರು ಫಾರಂ ಮೇಲೆ ಕಣ್ಣಾಡಿಸಿದರು. "ಬೀಳೋ ಮೊದಲೇ ಈಕೆ ಏನೂ ಮಾಡ್ತಿರಲಿಲ್ಲ. ನಾಲ್ಕು ವಾರ ಇಟ್ಕೊಂಡು ಏನು ಮಾಡೋಕೆ ಕಲಿಸ್ತೀರಮ್ಮ? ಸೋಮವಾರ ಕಳಿಸಿಬಿಡಿ" ಅಂದರು. ನಾನೂ ತಲೆಯಾಡಿಸಿದೆ. ಹೌದು, ಆಡಿಸಿದೆ. ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ? ಅಜ್ಜಿಯನ್ನು ಯಾರೂ ಕೇಳಲಿಲ್ಲ.

ಸೋಮವಾರ ಬೆಳಿಗ್ಗೆ ಬಸ್ಸು ಅವಳ ಊರಿನಲ್ಲಿ ನಿಂತಾಗ ಡೈರಿಯಲ್ಲಿ ಹಾಲು ಅಳೆಯುವ ಮನುಷ್ಯ ಹತ್ತಿ ನನ್ನ ಮುಂದಿನ ಸೀಟಿನಲ್ಲಿ ಕೂತ. ದಿನಾ ನೋಡುವ ಮುಖ. ಸುಮ್ಮನೆ ಮಾತಿಗೆ, ನಿಮ್ಮೂರ ಅಜ್ಜಿ ನಮ್ಮ ವಾರ್ಡಿನಲ್ಲಿದೆ, ಇವತ್ತು ಮನೆಗೆ ಬರುತ್ತದೆ ಅಂದೆ.

"ಬೇಗ ಎದ್ ಓಡಾಡಂಗೆ ಮಾಡಿ ಮೇಡಮ್ಮಾರೆ. ನಮ್ ಡೈರೀಗೆ ದಿನಾ ಮೊದ್ಲು ಬರ್ತಿದ್ದ ಆಲು ಆವಮ್ಮಂದೇ. ಎರಡ್ ಅಸ, ಒಂದೆಮ್ಮೆ. ಕರಿಯದೂ ಅವಳೇ, ಒತ್ಕಂಡ್ ಬರದೂ ಅವಳೇ. ಎಮ್ಮೆ ಈಗ ಸೊಸೆ ಹತ್ರ ಓದ್ರೆ ಒದೀತದೆ."

"ಅಡಿಗೆ?"

"ಸೊಸೆ ಫ್ಯಾಕ್ಟ್ರಿಗೋದ್ರೆ ಅಡ್ಗೆ ಇನ್ಯಾರ್ ಮಾಡಾರು? ಮೊಮ್ಮಕ್ಳಿಗೆ ಉಣ್ಸಿ ಸ್ಕೂಲಿಗೆ ಕಳ್ಸದೂ ಆವಮ್ಮನೇ."

ಅಜ್ಜಿ ಕೇಳಿದ ಮಣೆ ಹಾಲು ಕರೆಯಲು ಕೂರುವ ಮಣೆ ಅಂತ ಆಗ ಹೊಳೆಯಿತು. ಬಸ್ಸು ನಂಜನಗೂಡು ಮುಟ್ಟುವವರೆಗೂ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಓಡಿಕೊಂಡು ವಾರ್ಡಿಗೆ ಹೋದೆ. ಸೊಸೆ ಪಾತ್ರೆ ತೊಳೆಯಲು ನಲ್ಲಿ ಹತ್ತಿರ ಹೋಗಿದ್ದಳು. ಅಜ್ಜಿ ಬಟ್ಟೆಯ ಗಂಟು ಪಕ್ಕಕ್ಕಿಟ್ಟುಕೊಂಡು ಕೂತಿದ್ದಳು.

"ಯಾಕಜ್ಜಿ ಸುಳ್ಳು ಹೇಳಿದ್ರಿ? ಮೂರು ರಾಸು ಕರೆಯೋರು ನೀವು!"

"ಮೆತ್ಗೆ ಮಾತಾಡವ್ವ" ಅಂತ ನನ್ನ ಕೈ ಜಗ್ಗಿ ಕೂರಿಸಿಕೊಂಡಳು. "ಅವತ್ತು ಬಂದಿದ್ರಲ್ಲ, ಅವ್ರು ನಮ್ ಸೊಸೆ ತಂಗಿನ ನೋಡಿರೋ ಗಂಡಿನ ಕಡೆಯೋರು. ಅವ್ರ ಮುಂದ್ಗಡೆ ನಾನು ಕರೀತೀನಿ, ಬೇಯಿಸ್ತೀನಿ ಅಂದ್ರೆ ಏನಂದ್ಕಂಡಾರು? ಅಕ್ಕ ಮುದುಕಿ ಕೈಲಿ ಗೇಯಿಸ್ಕಂಡು ಉಂಡ್ಕಂಡವಳೆ, ತಂಗಿನೂ ಅದೇ ಜಾತಿ ಅನ್ನಕಿಲ್ವಾ? ನಮ್ಮಿಬ್ರಿಗೂ ಒಪ್ಪಿ ನಡೀತಿದ್ದ ಬಾಳು ಅದು. ಊರೋರಿಗೆ ಅರ್ತವಾಯ್ತದಾ?"

"ಈಗ ಹೇಳಿ. ಡಾಕ್ಟರಿಗೆ ನಾನೇ ಫೋನು ಮಾಡ್ತೀನಿ, ನೀವು ನಿಜ ಹೇಳಿ."

"ಇನ್ನೂ ಎಲಡ್ಕೆ ಬದ್ಲಾಯ್ಸಿಲ್ಲ ಕಣವ್ವ, ಮದ್ವೆ ಗಟ್ಟಿಯಾಗಿಲ್ಲ. ಮಾತು ಆಡಿದ್ರೆ ಓಯ್ತು, ಮುತ್ತು ಒಡದ್ರೆ ಓಯ್ತು. ಬುಡು."

"ಕಾಲು ಹೋಗುತ್ತೆ ಅಜ್ಜಿ! ಮನೇಲಿ ಮಲಗಿದ್ರೆ ಮತ್ತೆ ಏಳಲ್ಲ ನೀವು. ಹಾಲು ಕರೆಯೋದು ಕನಸೇ."

ಅವಳು ಸೆರಗಿನ ಗಂಟು ಬಿಚ್ಚಿ ಅಡಿಕೆ ಹುಡುಕತೊಡಗಿದಳು.

ಆಫೀಸಿನಿಂದ ಮೈಸೂರಿಗೆ ಫೋನು ಮಾಡಿದೆ. ಡಾಕ್ಟರು ಸಮಾಧಾನವಾಗಿಯೇ ಕೇಳಿಸಿಕೊಂಡರು. "ರೋಗಿ ಒಂದು ಹೇಳಿದ್ರು, ನೀವು ಸಹಿ ಹಾಕಿದ್ರಿ. ಬಸ್ಸಲ್ಲಿ ಕೇಳಿದ ಮಾತಿಗೆಲ್ಲ ಫಾರಂ ಬದಲಾಯಿಸ್ತಾ ಹೋದ್ರೆ ಮತ್ತೆ ಅದೇ ಶಿಫಾರಸು ಆಯ್ತಲ್ಲಮ್ಮ? ಅವರು ಹಾಲು ಕರೆಯೋದನ್ನ ನೀವು ಕಣ್ಣಲ್ಲಿ ಕಂಡಿದೀರಾ?" ಅಂದರು. ನನ್ನ ಮಾತನ್ನೇ ನನಗೆ ಬಡಿಸಿದ್ದರು. ಅಷ್ಟರಲ್ಲಿ ಆ ಮಂಚಕ್ಕೆ ಬರಬೇಕಾದವರು ಹಾಸಿಗೆ ಸುತ್ತಿಕೊಂಡು ಬೆಂಚಿನ ಮೇಲೆ ಬಂದು ಕೂತಿದ್ದರು. ಬನ್ನೂರಿನ ಒಬ್ಬ ನಿವೃತ್ತ ಮೇಷ್ಟರು ಮತ್ತು ಅವರ ಹೆಂಡತಿ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಒಂದು ಕಾರಣವೂ ಸಿಗಲಿಲ್ಲ.

ಸಿಟ್ಟನ್ನೆಲ್ಲ ಸೊಸೆಯ ಮೇಲೆ ತೀರಿಸಿಕೊಂಡೆ. ನಲ್ಲಿ ಹತ್ತಿರ ಹೋಗಿ, "ನಿನಗಾದರೂ ಬಾಯಿ ಇರಲಿಲ್ವೇನಮ್ಮ? ಅವರು ಅಷ್ಟು ಸುಳ್ಳು ಹೇಳ್ತಿದ್ರೆ ಕಂಬದ ಥರ ನಿಂತಿದ್ದೆಯಲ್ಲ!" ಅಂತ ಬೈದೆ. ಅವಳು ತೊಳೆಯುತ್ತಿದ್ದ ಟಿಫನ್ ಕ್ಯಾರಿಯರು ಕೆಳಗಿಟ್ಟಳು. ಕಣ್ಣು ತುಂಬಿಕೊಂಡಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

"ನಮ್ಮತ್ತೆ ನನ್ ಮಾನ ಉಳ್ಸಕ್ಕೆ ಅಷ್ಟು ಜನದ ಮುಂದೆ ಮಾತಾಡ್ತಾವ್ರೆ. ಅಲ್ಲ ಅಂತ ನಾನು ಅವ್ರನ್ನ ಸುಳ್ಗಾತಿ ಮಾಡ್ಬೇಕಿತ್ತಾ ಮೇಡಂ?"

ಒಂದು ಹಾಳೆಯ ಮೇಲೆ ವ್ಯಾಯಾಮಗಳ ಚಿತ್ರ ಬರೆದು, ದಿನಕ್ಕೆ ಮೂರು ಸಲ ಮಾಡಿಸು, ವಾಕರು ಹಿಡಿಸಿ ನಡೆಸು, ಮೂರು ತಿಂಗಳಲ್ಲಿ ಮತ್ತೆ ಕರೆದುಕೊಂಡು ಬಾ ಅಂತ ಹೇಳಿ ಕೊಟ್ಟೆ. ಹಾಳೆಯನ್ನು ಮಡಚಿ ರವಿಕೆಯೊಳಗೆ ಇಟ್ಟುಕೊಂಡಳು. ಅಜ್ಜಿಯನ್ನು ಆಟೋದೊಳಗೆ ಕೂರಿಸಿದವಳೂ ನಾನೇ.

ಮೂರು ತಿಂಗಳಾದರೂ ಅವರು ಬರಲಿಲ್ಲ. ನಾನೂ ಹೋಗಲಿಲ್ಲ. ದಿನಕ್ಕೆರಡು ಸಲ ಬಸ್ಸು ಆ ಊರಿನಲ್ಲಿ ನಿಲ್ಲುತ್ತಿತ್ತು, ನಾನು ಕಿಟಕಿಯಿಂದ ಮುಖ ತಿರುಗಿಸಿಕೊಂಡು ಕೂರುತ್ತಿದ್ದೆ. ಯಾವ ಮುಖ ಹೊತ್ತುಕೊಂಡು ಹೋಗಲಿ? ಡೈರಿಯ ಮನುಷ್ಯ ಹತ್ತಿದರೆ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚುತ್ತಿದ್ದೆ. ಕೊನೆಗೆ ಒಂದು ಶನಿವಾರ ಮಧ್ಯಾಹ್ನ, ಯಂತ್ರವನ್ನು ಟವೆಲಿನಲ್ಲಿ ಸುತ್ತಿ ಬ್ಯಾಗಿನಲ್ಲಿ ಹಾಕಿಕೊಂಡು ಆ ಊರಲ್ಲಿ ಇಳಿದೇಬಿಟ್ಟೆ.

ಕೊಟ್ಟಿಗೆಯಲ್ಲಿ ಒಂದೇ ಒಂದು ಹಸು ಇತ್ತು. ನಡುಮನೆಯ ಮಂಚದ ಮೇಲೆ ಅಜ್ಜಿ ಮಲಗಿದ್ದಳು. ಎಣ್ಣೆ ಹಚ್ಚಿ ಬಾಚಿದ ತಲೆ, ಮಡಿ ಬೆಡ್‌ಶೀಟು, ಬೆನ್ನಿನಲ್ಲಿ ಒಂದು ಹುಣ್ಣಿಲ್ಲ. ಕಾಲು ಮುಟ್ಟಿ ನೋಡಿದೆ. ತೊಡೆ ಕರಗಿ ಕೋಲಾಗಿತ್ತು. ಸೊಂಟ ಹಿಡಿದುಕೊಂಡಿತ್ತು, ಮೊಣಕಾಲು ಚಾಚಲು ಆಗುತ್ತಿರಲಿಲ್ಲ. ಈ ಕಾಲಿನ ಮೇಲೆ ಅವಳು ಇನ್ನು ನಿಲ್ಲುವುದಿಲ್ಲ ಅಂತ ನನಗೆ ಯಾವ ಯಂತ್ರವೂ ಇಲ್ಲದೆ ತಿಳಿಯಿತು.

ನಾನು ಬರೆದುಕೊಟ್ಟ ಹಾಳೆ ಕ್ಯಾಲೆಂಡರಿನ ಪಕ್ಕ ಗೋಡೆಗೆ ಅಂಟಿತ್ತು.

"ಒಂದು ದಿನವಾದ್ರೂ ಮಾಡಿಸಿದೆಯೇನಮ್ಮ?" ಅಂತ ಸೊಸೆಯನ್ನು ಕೇಳಿದೆ.

"ಮೊದ್ಲು ಒಂದು ವಾರ ಮಾಡ್ಸ್ದೆ ಮೇಡಂ. ಜಗಲೀಲಿ ವಾಕರ್ ಹಿಡ್ಕಂಡು ನಡೀತಿದ್ರೆ ಬೀದೀಲಿ ಓಗೋರೆಲ್ಲ, ಪಾಪ ಮುದುಕಿನ ಇನ್ನೂ ಗೋಳುಯ್ಕತಾಳಲ್ಲ, ಮಲಗಕ್ಕೆ ಬುಡಕಿಲ್ವಲ್ಲ ಅಂತಿದ್ರು. ಮದ್ವೆ ಹತ್ರಾಗಿತ್ತು. ಅದ್ಕೆ ನಿಲ್ಲಿಸ್ಬುಟ್ಟೊ."

ತಂಗಿಯ ಮದುವೆ ಆಗಿತ್ತು. ಇವಳು ಕಾರ್ಖಾನೆ ಕೆಲಸ ಬಿಟ್ಟಿದ್ದಳು. ಅಡಿಗೆ, ನೀರು, ಸ್ನಾನ ಮಾಡಿಸುವುದು, ಕೂತಲ್ಲಿಗೆ ಊಟ, ಎಲ್ಲವನ್ನೂ ಈಗ ನಿಜವಾಗಿ ಅವಳೇ ಮಾಡುತ್ತಿದ್ದಳು. ನಾನು ಅವತ್ತು ಫಾರಮ್ಮಿನಲ್ಲಿ ಹಾಕಿದ್ದ ಒಂದೊಂದು ಗುರುತೂ ಸರಿಹೋಗಿತ್ತು.

ಅಜ್ಜಿ ನಕ್ಕಳು. "ನಾನೇಳಿದ್ದು ದಿಟ ಆಯ್ತು ನೋಡವ್ವ. ಸುಳ್ಳೇಳಿದ ಪಾಪಾನೂ ಕಳೀತು."

"ನಗಬೇಡಿ ಅಜ್ಜಿ, ನನಗೆ ಹೊಟ್ಟೆ ಉರೀತದೆ!" ಅಂತ ಕಿರುಚಿಯೇಬಿಟ್ಟೆ. ಸೊಸೆ ಬೆದರಿ, ಕಾಫಿ ತರುತ್ತೇನೆ ಅಂತ ಒಳಗೆ ಹೋದಳು.

ನಾವಿಬ್ಬರೇ ಉಳಿದೆವು. ಬ್ಯಾಗಿನಿಂದ ಯಂತ್ರ ತೆಗೆದೆ. "ಇಲ್ಲಿ ಯಾರೂ ಇಲ್ಲ. ಹಿಂಡಿ" ಅಂದೆ.

ಅವಳು ಬಾಗಿಲ ಕಡೆ ಒಂದು ಸಲ ನೋಡಿದಳು. ಆಮೇಲೆ ಹೆಬ್ಬೆರಳು ಒಳಕ್ಕೆ ಮಡಚಿ, ಕೆಚ್ಚಲಿಗೆ ಕೈ ಹಾಕುವ ಹಾಗೆ ಹಿಡಿದು, ತುಟಿ ಕಚ್ಚಿ ಹಿಂಡಿದಳು. ಮುಳ್ಳು ಎಂಟನ್ನು ದಾಟಿತು. ಹದಿನೈದು ದಾಟಿತು. ಇಪ್ಪತ್ತನ್ನೂ ದಾಟಿ ಇಪ್ಪತ್ತನಾಲ್ಕರಲ್ಲಿ ನಿಂತಿತು. ಮೂರು ತಿಂಗಳು ಮಲಗಿದ ಮೇಲೆ ಇಪ್ಪತ್ತನಾಲ್ಕು! ಅವತ್ತು ಇನ್ನೆಷ್ಟಿತ್ತೋ.

"ಅವತ್ತು ಇದರ ಅರ್ಧ ಹಿಂಡಿದ್ರೂ ಸಾಕಿತ್ತಲ್ಲ ಅಜ್ಜಿ" ಅಂದೆ.

"ಆ ಗಂಡಿನ ತಾಯಿ ನನ್ ಕೈನೇ ನೋಡ್ತಾ ನಿಂತಿದ್ಲು ಕಣವ್ವ. ಅವಳೂ ಆಲ್ ಕರಿಯೋಳೇಯ. ವಸಿ ಜೋರಾಗ್ ಹಿಂಡಿದ್ರೂ ಇದು ಕರಿಯೋ ಕೈ ಅಂತ ತಿಳ್ಕಬುಡೋಳು."

ಅಷ್ಟರಲ್ಲಿ ಬೀದಿ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾಯಿತು. ಒಳಗೆ ಬಂದವಳು ಅದೇ ಹೆಂಗಸು, ತಂಗಿಯ ಅತ್ತೆ. ಕಾಯಿಲೆಯವರನ್ನು ನೋಡಿಕೊಂಡು ಹೋಗಲು ಮತ್ತೆ ಬ್ರೆಡ್ಡು ಮೂಸಂಬಿ ತಂದಿದ್ದಳು. ಸೊಸೆ ಕಾಫಿ ಲೋಟ ಹಿಡಿದು ಅವಳ ಹಿಂದೆಯೇ ಬಂದಳು. ಅಜ್ಜಿಯ ಕೈ ಆಗಲೇ ಸೆರಗಿನೊಳಗೆ ಸೇರಿತ್ತು. ಯಂತ್ರ ನನ್ನ ತೊಡೆಯ ಮೇಲೆ, ಮುಳ್ಳು ಇಪ್ಪತ್ತನಾಲ್ಕರಲ್ಲೇ ನಿಂತಿತ್ತು.

"ಅವತ್ತು ಆಸ್ಪತ್ರೇಲಿ ಹಿಂಡ್ಸಿದ್ರಲ್ಲ, ಅದೇ ಅಲ್ವಾ ಇದು? ಈಗೆಷ್ಟು ಬಂತವ್ವ?" ಅಂತ ಆ ಹೆಂಗಸು ಬಗ್ಗಿದಳು.

ಅಜ್ಜಿ ನನ್ನನ್ನೇ ನೋಡುತ್ತಿದ್ದಳು. ನಾನು ಹೆಬ್ಬೆರಳಿನಿಂದ ತಿರುಪು ತಿರುಗಿಸಿ ಮುಳ್ಳನ್ನು ಸೊನ್ನೆಗೆ ತಂದೆ.

"ಎಂಟು" ಅಂದೆ.

"ಅಯ್ಯೋ ಪಾಪ" ಅಂತ ಆ ಹೆಂಗಸು ಸೊಸೆಯ ಬೆನ್ನು ಸವರಿದಳು. "ಸೊಸೆ ಅಂದ್ರೆ ಇಂಗಿರ್ಬೇಕು."